ಆವುಡೈ ಅತ್ತೆಯ ಎರಡು ದಿನದ ನಡಿಗೆ

ಡಾಕ್ಟರಮ್ಮ ಕೊಟ್ಟ ಪೋಸ್ಟರಿನಲ್ಲಿ ಒಂದು ಕಾಲಿತ್ತು. ಹೆಬ್ಬೆರಳು ಕಪ್ಪಗಾಗಿ, ಪಾದಕ್ಕೆ ಬ್ಯಾಂಡೇಜು ಸುತ್ತಿ, ಕೆಳಗೆ ಕೆಂಪು ಅಕ್ಷರದಲ್ಲಿ ‘ಇಂದು ನಡೆಯದ ಕಾಲು ನಾಳೆ ನಿಮ್ಮದಲ್ಲ’ ಎಂದು ಬರೆದಿದ್ದರು. ಅದನ್ನು ಮೊದಲು ನೋಡಿದ ದಿನ ನನಗೇ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಆದರೆ ನಮ್ಮ ಬೀದಿಯ ಹೆಂಗಸರ ಮುಂದೆ ಹಿಡಿದು ನಿಂತರೆ, ಶೆಣ್ಬಗಂ ಅಕ್ಕ ಬಾಯಲ್ಲಿದ್ದ ಮುರುಕ್ಕು ಅಗಿಯುವುದನ್ನೂ ನಿಲ್ಲಿಸಲಿಲ್ಲ.

“ಇಷ್ಟೇನೇ, ವಡಿವು? ನಾನು ಕಂಪನಿ ಶೆಡ್ಡಲ್ಲಿ ಬೀಡಿ ಕಟ್ಟಿನ ಮೇಲೆ ದಿನಾ ಸಾವಿರ ಗಂಟಲು ಅಂಟಿಸ್ತೀನಿ. ತೂತು ಬಿದ್ದ ಗಂಟಲು, ಕೊಳೆತ ದವಡೆ, ಎಲ್ಲಾ ಬಣ್ಣದಲ್ಲಿ. ಅದನ್ನ ನೋಡ್ಕೊಂಡೇ ಮೊಸರನ್ನ ತಿನ್ನೋಳು ನಾನು. ನಿನ್ನ ಈ ಕಾಲು ಯಾವ ಮೂಲೆಗೆ?”

“ಸೇದೋರು ಆ ಚಿತ್ರ ನೋಡಿ ಬೀಡಿ ಬಿಟ್ಟಿದ್ರೆ ನಮ್ಮ ಬೀದೀಲಿ ಒಲೆ ಉರೀತಿತ್ತೇನೇ?” ಎಂದು ಪಕ್ಕದವಳು ದನಿಗೂಡಿಸಿದಳು.

ಆರೋಗ್ಯ ಕೇಂದ್ರದ ತರಬೇತಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ಪೋಸ್ಟರನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದೆ.

ನನ್ನ ಕೆಲಸವೇ ಇದು. ಮನೆಮನೆಗೆ ಹೋಗಿ ಬಿಪಿ ನೋಡಬೇಕು, ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ಮೂವತ್ತು ದಾಟಿದ ಹೆಂಗಸರನ್ನು ದಿನಕ್ಕೆ ಅರ್ಧ ಗಂಟೆ ನಡೆಸಬೇಕು. ಮೊದಲಿನ ಎರಡಕ್ಕೆ ಯಾರೂ ಬೇಡವೆನ್ನುವುದಿಲ್ಲ. ಮೂರನೆಯದು ಮಾತ್ರ ನೀರಿನಲ್ಲಿ ಹೋಮ ಮಾಡಿದ ಹಾಗೆ. ನಮ್ಮ ಊರು ಪನೈಯಡಿಯಲ್ಲಿ ಹೆಂಗಸರು ಬೆಳಗಿನ ಕಾಫಿ ಕುಡಿದು ಬೀಡಿ ಕಟ್ಟಲು ಕೂತರೆಂದರೆ, ಟಿವಿ ಸೀರಿಯಲ್ ಮುಗಿಯುವ ತನಕ ತೊಡೆಯ ಮೇಲಿನ ಮೊರ ಇಳಿಯುವುದಿಲ್ಲ. ಕಟ್ಟಿದ ಬೀಡಿಯನ್ನು ಕಂಪನಿಯ ಬ್ರಾಂಚಿಗೆ ಮುಟ್ಟಿಸುವುದಕ್ಕೂ ಆಟೋ ಬರುತ್ತದೆ. ಬೆರಳಿಗೆ ಇರುವ ವ್ಯಾಯಾಮದ ಹತ್ತರಲ್ಲಿ ಒಂದು ಪಾಲು ಕಾಲಿಗಿದ್ದಿದ್ದರೆ ನಮ್ಮ ಬೀದಿಗೆ ಓಟದ ಪದಕ ಬಂದಿರುತ್ತಿತ್ತು.

ಹೋಗಲಿ, ಸಕ್ಕರೆ ಕಾಯಿಲೆ ಬರುತ್ತದೆ ಎಂದು ಹೆದರಿಸೋಣವೆಂದರೆ, ನಮ್ಮಲ್ಲಿ ಅದು ಕಾಯಿಲೆಯಲ್ಲ, ಪದವಿ. ಮದುವೆಮನೆಯಲ್ಲಿ ‘ನನಗೆ ಶುಗರ್’ ಎಂದವಳಿಗೆ ಬೇರೆ ಕಾಫಿ, ಕೂರಲು ಕುರ್ಚಿ, ಗಾಳಿ ಬೀಸಲು ಒಬ್ಬಳು ಸೊಸೆ. ‘ನಂದು ಇನ್ನೂರ ಎಂಬತ್ತು’, ‘ನಂದು ಮುನ್ನೂರು ದಾಟ್ತು’ ಎನ್ನುವಾಗ ಮಕ್ಕಳ ಪರೀಕ್ಷೆಯ ಮಾರ್ಕ್ಸ್ ಹೇಳುವ ದನಿ ಅವರದು. ಹೀಗಿರುವಾಗ ನಮ್ಮ ಅತ್ತೆ ಆವುಡೈಯಮ್ಮಾಳ್ ಅವರ ಬೆರಳು ಚುಚ್ಚಿ ನೋಡಿದರೆ, ಬರಿ ಹೊಟ್ಟೆಯಲ್ಲಿ ನೂರ ಹದಿನೆಂಟು ಬಂತು. ಅಂದರೆ ಗಡಿಯಲ್ಲಿದ್ದಾರೆ, ಇನ್ನೂ ಕಾಯಿಲೆಯಲ್ಲ ಎಂದೆ. ಅತ್ತೆಗೆ ಅವಮಾನವಾಯಿತು.

“ಗಡಿಯಂತೆ, ಗಡಿ! ಶೆಣ್ಬಗಂಗೆ ಬಂದಿದೆ, ಅವಳ ನಾದಿನಿಗೆ ಬಂದಿದೆ. ನಲವತ್ತು ವರ್ಷ ಮೊರ ಹಿಡ್ಕೊಂಡು ಕೂತ ನನಗೆ ಬರೀ ಗಡೀನಾ? ನಿನ್ನ ಮಿಷನ್ನೇ ಸರಿಯಿಲ್ಲ.”

“ಅತ್ತೆ, ಈಗ ನಡೆದ್ರೆ ಗಡಿಯಿಂದ ಈಚೆಗೆ ಬರಬಹುದು. ನಡೀದಿದ್ರೆ ಆಚೆಗೆ ಹೋಗ್ತೀರಿ.”

“ಆಚೆಗೆ ಎಲ್ಲಾರೂ ಇದಾರಲ್ಲ. ಬೇಜಾರಾಗಲ್ಲ ಬಿಡು.”

ಅವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನಮ್ಮನೂ ಬೀಡಿ ಕಟ್ಟುತ್ತಿದ್ದವಳು. ನಾನು ಮದುವೆಯಾಗಿ ಇಲ್ಲಿಗೆ ಬಂದ ವರ್ಷವೇ ಒಂದು ಬೆಳಗ್ಗೆ, ಮೊರ ತೊಡೆಯ ಮೇಲಿದ್ದ ಹಾಗೆಯೇ ಗೋಡೆಗೆ ಒರಗಿ ಹೋಗಿಬಿಟ್ಟಳು. ಸಕ್ಕರೆ ಇತ್ತೆಂದು ನಮಗೆ ಗೊತ್ತಾದದ್ದು ಅವಳು ಹೋದ ಮೇಲೆ. ಹುಷಾರಿಲ್ಲ ಬಾ ಎಂದಷ್ಟೇ ಹೇಳಿ ಕರೆಸಿದ್ದರು. ಬಸ್ಸಿಳಿದಾಗ ಊರಿನ ಹೆಂಗಸರು ಗುಂಪಾಗಿ, ಕೈಯಲ್ಲಿ ಚೀಲವಿಲ್ಲದೆ, ತಲೆ ತಗ್ಗಿಸಿಕೊಂಡು ನಮ್ಮ ಮನೆಯ ಕಡೆಗೆ ನಡೆಯುತ್ತಿದ್ದರು. ಆಗಲೇ ನನಗೆ ತಿಳಿಯಿತು. ಹತ್ತೊಂಬತ್ತು ವರ್ಷದ ನನ್ನನ್ನು ಆಮೇಲೆ ಎಬ್ಬಿಸಿ ನಿಲ್ಲಿಸಿದವರು ಈ ಅತ್ತೆ. ನನ್ನ ಪಾಲಿನ ಬೀಡಿಯನ್ನೂ ತಾವೇ ಕಟ್ಟಿ, ನಿಂತುಹೋಗಿದ್ದ ಹನ್ನೆರಡನೇ ಕ್ಲಾಸನ್ನು ಮುಗಿಸಲು ನನ್ನನ್ನು ಅಟ್ಟಿದರು. ಇವತ್ತು ನನ್ನ ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತಾಡುತ್ತಿರುವುದು ಅವರ ಬೆರಳುಗಳಿಂದ. ಇವರನ್ನೂ ಮೊರದ ಮುಂದೆ ಕಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಹಾಗಾಗಿ ಕಾಡಿದೆ, ಬೇಡಿದೆ, ಊಟ ಬಿಟ್ಟೆ. ಕೊನೆಗೆ ‘ನಿಮ್ಮ ಮನೆಯವರೇ ನಡೆಯಲ್ಲವಂತೆ’ ಎಂದು ಡಾಕ್ಟರಮ್ಮ ಎಲ್ಲರ ಮುಂದೆ ನನ್ನನ್ನು ಕೇಳಿದರು ಎಂದು ಗೊತ್ತಾದಾಗ ಅತ್ತೆ ಕರಗಿದರು.

“ನಿನ್ನ ಮರ್ಯಾದೆಗೋಸ್ಕರ ಎರಡೇ ಎರಡು ದಿನ ಬರ್ತೀನಿ. ಮೂರನೇ ದಿನ ಕಾಲು ಹಿಡಿದ್ರೂ ಬರಲ್ಲ. ಹಿಡೀಲೇಬೇಕು ಅಂದ್ರೆ ಪೋಸ್ಟರಲ್ಲಿ ಒಂದು ಕಾಲಿದೆ, ಅದನ್ನ ಹಿಡ್ಕೋ.”

ಆವುಡೈ ಅತ್ತೆ ಹೊರಟರೆಂದ ಮೇಲೆ ಶೆಣ್ಬಗಂ ಅಕ್ಕ ಹಿಂದೆ ಉಳಿಯುತ್ತಾಳೆಯೇ? ಮರುದಿನ ಬೆಳಗ್ಗೆ ಆರಕ್ಕೆ ಎಂಟು ಜನ ಸೇರಿದರು. ಮೇಲಪಟ್ಟಿಯಲ್ಲಿ ವಳ್ಳಿನಾಯಗಂ ಎಂಬ ಹಿರಿಯರ ಮನೆ, ಮನೆಯ ಮುಂದೆ ದೊಡ್ಡ ಬೇವಿನ ಮರ. ಅಲ್ಲಿಗೆ ಎರಡು ಕಿಲೋಮೀಟರು. ಆ ಮರ ಮುಟ್ಟಿ ವಾಪಸು ಬರುವುದೆಂದು ನಾನು ಗೊತ್ತು ಮಾಡಿದ್ದೆ.

ಟೀ ಅಂಗಡಿಯ ತನಕ ಎಲ್ಲ ಸರಿಯಾಗಿತ್ತು. ಅಲ್ಲಿ ಅಂಗಡಿಯವನು, “ಎಲ್ಲಿಗೆ ಅಕ್ಕಾ?” ಎಂದ.

ನಮ್ಮಲ್ಲಿ ಎದುರಾದವರನ್ನು ಯಾರೂ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಎಲ್ಲಿಗೆ ಎಂದೇ ಕೇಳುವುದು. ಗಂಡಸು ‘ಸುಮ್ಮನೆ ಹೀಗೇ’ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಹೆಂಗಸು ಬೆಳಗ್ಗೆ ಆರು ಗಂಟೆಗೆ ಸುಮ್ಮನೆ ರಸ್ತೆಯಲ್ಲಿದ್ದಾಳೆ ಎಂದರೆ ಮಧ್ಯಾಹ್ನದೊಳಗೆ ಅವಳ ತವರಿಗೆ ಫೋನು ಹೋಗಿರುತ್ತದೆ. ಆರೋಗ್ಯಕ್ಕಾಗಿ ನಡೆಯುತ್ತಿದ್ದೇವೆ ಎನ್ನಲು ಎಲ್ಲರಿಗೂ ನಾಚಿಕೆ. ಒಬ್ಬಳು ರೇಷನ್ ಅಂಗಡಿಗೆ ಎಂದಳು, ಅದು ತೆರೆಯುವುದು ಹತ್ತಕ್ಕೆ. ಇನ್ನೊಬ್ಬಳು ಬ್ಯಾಂಕಿಗೆ ಎಂದಳು, ಅವತ್ತು ಭಾನುವಾರ. ಶೆಣ್ಬಗಂ ಅಕ್ಕ, “ನಮ್ಮ ಕೋಳಿ ಕಳೆದುಹೋಗಿದೆ, ಹುಡುಕೋಕೆ” ಎಂದಳು. ನಾವು ಮೇಲಪಟ್ಟಿಯಿಂದ ತಿರುಗಿ ಬರುವಷ್ಟರಲ್ಲಿ ಟೀ ಅಂಗಡಿಯ ನಾಲ್ಕು ಗಂಡಸರು ಕಾಲುವೆಯ ಪೊದೆಗಳಲ್ಲಿ ಬಗ್ಗಿ ‘ಬಾ ಬಾ’ ಎಂದು ಕೂಗುತ್ತಿದ್ದರು. ಅವರಲ್ಲೊಬ್ಬ ಒಂದು ಕೋಳಿಯನ್ನು ಹಿಡಿದೂ ತಂದ. ಅದು ಯಾರದ್ದೆಂದು ಇವತ್ತಿಗೂ ಗೊತ್ತಿಲ್ಲ.

ಅತ್ತೆಗೆ ರೇಗಿತು. “ನಾಳೆ ಒಬ್ಬರೂ ಬಾಯಿ ಬಿಡಬಾರ್ದು. ತಲೆ ತಗ್ಗಿಸ್ಕೊಂಡು ಬಿರಬಿರನೆ ಹೋಗೋದು, ಬರೋದು. ಅಲ್ಲಿಗೆ ನನ್ನ ಎರಡು ದಿನ ಮುಗೀತು.”

“ಫೋನೂ ತರಬೇಡಿ” ಎಂದು ನಾನು ಸೇರಿಸಿದೆ. ಮೊದಲ ದಿನ ಹತ್ತು ಹೆಜ್ಜೆಗೊಬ್ಬರು ನಿಂತು ಫೋನಿನಲ್ಲಿ ಮಾತಾಡಿದ್ದರು.

ಎರಡನೆಯ ದಿನ ನನಗೆ ಆರೋಗ್ಯ ಕೇಂದ್ರದಲ್ಲಿ ಏಳು ಗಂಟೆಗೆ ಮೀಟಿಂಗ್ ಇತ್ತು. ಗುಂಪನ್ನು ಅತ್ತೆಗೆ ಒಪ್ಪಿಸಿ ಹೋದೆ. ಅಲ್ಲಿ ನಡೆದದ್ದನ್ನು ಆಮೇಲೆ ಎಂಟು ಬಾಯಿಂದ ಎಂಟು ಥರ ಕೇಳಿದ್ದೇನೆ. ಎಲ್ಲವನ್ನೂ ಸೋಸಿ ಉಳಿದದ್ದನ್ನು ಹೇಳುತ್ತೇನೆ.

ಎಂಟು ಹೆಂಗಸರು. ತಲೆಯಲ್ಲಿ ಹೂವಿಲ್ಲ, ಕೈಯಲ್ಲಿ ಚೀಲವಿಲ್ಲ. ಬಾಯಿ ಮುಚ್ಚಿದೆ, ತಲೆ ತಗ್ಗಿದೆ, ನಡಿಗೆ ಚುರುಕಾಗಿದೆ. ನಮ್ಮ ಸೀಮೆಯಲ್ಲಿ ಹೆಂಗಸರು ಹೀಗೆ ಹೋಗುವುದು ಒಂದೇ ಕಡೆಗೆ, ಸಾವಿನ ಮನೆಗೆ. ಅದು ಅತ್ತೆಗೂ ಹೊಳೆಯಲಿಲ್ಲ, ಇದನ್ನೆಲ್ಲ ಕಣ್ಣಾರೆ ಕಂಡಿದ್ದ ನನಗೂ ಹೊಳೆದಿರಲಿಲ್ಲ. ಸಾವಿನ ಮನೆಗೆ ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಕೇಳುವುದು ಅಪಶಕುನ. ಸತ್ತವರು ಯಾರು ಎಂದು ಕೇಳುವುದು ಇನ್ನೂ ಕೆಟ್ಟದ್ದು, ಬಂಧುಬಳಗದ ಸುದ್ದಿಯೇ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹೆಗಲಿಗೆ ಟವೆಲು ಹಾಕಿಕೊಂಡು ಹಿಂದೆ ಹೋಗುವುದು, ಅಲ್ಲಿ ಹೋದ ಮೇಲೆ ತಿಳಿದುಕೊಳ್ಳುವುದು, ಇದೇ ಪದ್ಧತಿ.

ಟೀ ಅಂಗಡಿಯವನು ರೇಡಿಯೋ ಆರಿಸಿದ. ನಿನ್ನೆ ಕೋಳಿ ಹುಡುಕಿದ ನಾಲ್ವರು ಲೋಟ ಕೆಳಗಿಟ್ಟು ಹಿಂದೆ ಹೊರಟರು. ಪಕ್ಕದ ಬೀದಿಯ ಹೆಂಗಸರು ಜಡೆಯನ್ನು ಗಂಟು ಕಟ್ಟಿಕೊಂಡು ಸೇರಿದರು. ಕಾಲುವೆ ಏರಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಅರ್ಧಕ್ಕೇ ಬಿಟ್ಟು ಬಂದರು. ಅತ್ತೆ ಒಮ್ಮೆ ಹಿಂತಿರುಗಿ ನೋಡಿದರಂತೆ. ನೋಡಿದರೆ ಮೂವತ್ತು ಜನ! ‘ಅಬ್ಬಾ, ನಮ್ಮ ಸೊಸೆ ವಡಿವು ಮಾತು ಊರಿಗೇ ಹಿಡಿಸಿದೆಯಲ್ಲ’ ಎಂದು ಅವರಿಗೆ ಹೆಮ್ಮೆಯಾಗಿ ಇನ್ನಷ್ಟು ಬೀಸಾಗಿ ನಡೆದರು. ಅವರು ಬೀಸಾಗಿ ನಡೆದದ್ದನ್ನು ಕಂಡು ಹಿಂದಿನವರು, ತೀರಿಕೊಂಡವರು ತುಂಬ ಹತ್ತಿರದವರೇ ಇರಬೇಕು ಎಂದುಕೊಂಡರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು.

ಮೇಲಪಟ್ಟಿಯ ಬೇವಿನ ಮರ ಬಂತು. ಎಂಟೂ ಜನ ಅದರ ಕೆಳಗೆ ದಣಿವಾರಿಸಿಕೊಳ್ಳಲು ನಿಂತರು, ಹಿಂದಿನವರೂ ನಿಂತರು. ಆ ಗುಂಪಿನಲ್ಲಿ ಎಂಬತ್ತು ವರ್ಷದ ಇಸಕ್ಕಿ ಆಚ್ಚಿ ಇದ್ದಳು. ಸುತ್ತ ಹತ್ತೂರಲ್ಲಿ ಸಾವಾದರೆ ಒಪ್ಪಾರಿ ಹಾಡಿ ಅಳುವ ಅಜ್ಜಿ ಅವಳೇ. ನಿಂತದ್ದು ವಳ್ಳಿನಾಯಗಂ ಮನೆಯ ಮುಂದೆ, ಅವರಿಗೆ ಎಂಬತ್ತೆರಡು, ಹೋದ ವಾರ ಕೆಮ್ಮುತ್ತಿದ್ದರು. ಅವಳಿಗೆ ಅಷ್ಟು ಸಾಕಾಯಿತು. ಕಣ್ಣು ಮುಚ್ಚಿ, ಎದೆ ಬಡಿದುಕೊಂಡು ದನಿ ಎತ್ತಿಯೇಬಿಟ್ಟಳು:

“ಬೆಳ್ಳಿ ಮೀಸೆಯ ಅಣ್ಣಾಚ್ಚೀ, ಬಾಗಿಲ ಕಾಯ್ದ ಅಣ್ಣಾಚ್ಚೀ, ಎರಡೆಮ್ಮೆ ಕಟ್ಟಿದ್ದೆಯಲ್ಲಾ, ಯಾರ ಕೈಗಿಟ್ಟು ಹೋದೆಯೋ?”

ಗುಂಪೆಲ್ಲ ಗೊಳೋ ಎಂದಿತು. ನಮ್ಮ ಎಂಟು ಜನವೂ ಅತ್ತರು. ‘ಪಾಪ, ನಾವು ನಡೆಯೋಕೆ ಬಂದ ದಿನವೇ ಹೀಗಾಯ್ತಲ್ಲ’ ಎಂದು ಅತ್ತೆ ಮೂಗು ಸೀಟಿದರಂತೆ. ಅಷ್ಟರಲ್ಲಿ ಬಾಗಿಲು ತೆರೆದು, ಬಾಯ್ತುಂಬ ಹಲ್ಲುಪುಡಿ ತುಂಬಿಕೊಂಡ ವಳ್ಳಿನಾಯಗಂ ಅವರೇ ಹೊರಗೆ ಬಂದರು. ಒಬ್ಬೊಬ್ಬರೇ ಬಾಯಿ ಮುಚ್ಚಿದರು. ಇಸಕ್ಕಿ ಆಚ್ಚಿಯ ಕಣ್ಣು ಮಾತ್ರ ಇನ್ನೂ ಮುಚ್ಚಿತ್ತು, ಹಾಡು ನಡೆದಿತ್ತು. ಅವರು ನಿಂತು, ತಲೆ ವಾಲಿಸಿ, ಎರಡನೆಯ ಚರಣದ ತನಕ ಕೇಳಿ, ಪುಡಿ ಉಗಿದು ಹೇಳಿದರು:

“ಎರಡಲ್ಲ ಕಣೇ, ಮೂರು ಎಮ್ಮೆ.”

ಇಷ್ಟೆಲ್ಲ ನಗೆಪಾಟಲು ಅಲ್ಲಿ ನಡೆಯುವಾಗ ನಾನು ಮೀಟಿಂಗಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತಿದ್ದೆ. ರೋಗಿಯೊಬ್ಬರನ್ನು ಇಳಿಸಲು ಬಂದ ನಮ್ಮೂರ ಆಟೋದವನು ಕಿಟಕಿಯಿಂದ ನನ್ನನ್ನು ಕಂಡು ಬೆಚ್ಚಿದ.

“ಅಕ್ಕಾ, ನೀವಿನ್ನೂ ಇಲ್ಲೇ ಇದೀರಾ? ನಿಮ್ಮ ಬೀದಿ ಹೆಂಗಸರೆಲ್ಲ ಸಾವಿಗೆ ಹೋಗ್ತಿದಾರೆ, ಮೇಲಪಟ್ಟಿ ಕಡೆ.”

“ಯಾರಿಗೇನಾಯ್ತು?”

ಅವನು ನೆಲ ನೋಡಿದ. “ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಪಾಪಿ, ಅವನಿಗೂ ಗೊತ್ತಿರಲಿಲ್ಲ. ಆದರೆ ಹಾಗೆ ನೆಲ ನೋಡಿದರೆ ಎದೆ ಒಡೆಯದೆ ಇರುತ್ತದೆಯೇ? ಅತ್ತೆಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಶೆಣ್ಬಗಂ ಅಕ್ಕ ಎತ್ತಲಿಲ್ಲ. ಎಂಟು ಜನರಲ್ಲಿ ಒಬ್ಬರೂ ಎತ್ತಲಿಲ್ಲ. ಫೋನು ಬೇಡವೆಂದವಳು ನಾನೇ ಎಂಬುದು ನನಗೆ ನೆನಪೇ ಆಗಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ನನ್ನಮ್ಮನ ಮನೆಯ ದಾರಿ, ತಲೆ ತಗ್ಗಿಸಿ ನಡೆಯುತ್ತಿದ್ದ ಹೆಂಗಸರು. ನಲವತ್ತು ವರ್ಷ ಕೂತಿದ್ದ ಜೀವವನ್ನು ನಾನು ಎಬ್ಬಿಸಿ, ಎರಡು ದಿನ ಓಡಾಡಿಸಿ, ನಡುದಾರಿಯಲ್ಲಿ ಕೊಂದೆ ಎಂದುಕೊಂಡೆ.

ಓಡಿದೆ. ಚಪ್ಪಲಿಯ ನೆನಪಿರಲಿಲ್ಲ. ಆರೋಗ್ಯ ಕೇಂದ್ರದಿಂದ ಮೇಲಪಟ್ಟಿಗೆ ಗದ್ದೆಯ ಬದುವಿನ ಮೇಲೆ ಹೋದರೂ ಎರಡು ಕಿಲೋಮೀಟರು. ಬೇವಿನ ಮರದ ಕೆಳಗೆ ಜನ ಕಂಡರು, ಒಪ್ಪಾರಿ ಕೇಳಿಸಿತು. ಒಪ್ಪಾರಿ ಇನ್ನೂ ಯಾಕೆ ನಡೆದಿತ್ತೆಂದರೆ, ಶುರು ಮಾಡಿದ್ದನ್ನು ಅರ್ಧಕ್ಕೆ ನಿಲ್ಲಿಸಿದರೆ ನಿಜವಾಗಿಬಿಡುತ್ತದೆ ಎಂದು ಇಸಕ್ಕಿ ಆಚ್ಚಿ ಹಟ ಹಿಡಿದು, ಎಮ್ಮೆಯನ್ನು ಮೂರು ಮಾಡಿ, ಮೊದಲಿನಿಂದ ಹಾಡುತ್ತಿದ್ದಳು. ನನಗೇನು ಗೊತ್ತು? ಮರದ ಬುಡದಲ್ಲಿ ಕುಸಿದು ನೆಲ ಬಡಿದೆ.

“ಅತ್ತೇ! ನೀವು ಕೂತೇ ಇದ್ದಿದ್ರೂ ಸಾಕಿತ್ತಲ್ಲಾ! ನಾನೇ ಎಬ್ಬಿಸ್ದೆ, ನಾನೇ ಹಟ ಮಾಡ್ದೆ! ಹೆತ್ತವಳು ಹೋದಾಗ ನೀವಿದ್ರಿ, ಈಗ ನನಗೆ ಯಾರಿದಾರೆ? ಇಷ್ಟು ವರ್ಷ ಒಂದ್ಸಲನೂ ಅಮ್ಮಾ ಅಂತ ಕರೀಲಿಲ್ವಲ್ಲಾ!”

ಇಸಕ್ಕಿ ಆಚ್ಚಿಯೇ ಹಾಡು ನಿಲ್ಲಿಸಿ ಕಣ್ಣು ತೆರೆದಳು. ಜಗುಲಿಯಿಂದ ಯಾರೋ ಇಳಿದು ಬಂದು ನನ್ನ ಮುಂದೆ ನಿಂತರು.

“ಏ ಹುಡುಗಿ, ಯಾರಿಗೇ ಅಳ್ತಿದೀಯ?”

ತಲೆ ಎತ್ತಿದೆ. ಅತ್ತೆ. ಕೈಯಲ್ಲಿ ಹೊಗೆಯಾಡುವ ಕಾಫಿ ಲೋಟ. ದೇವರಾಣೆ, ನನ್ನ ಬಾಯಿಂದ ಮೊದಲು ಬಂದ ಮಾತು ಇದು:

“ಅದಕ್ಕೆ ಸಕ್ಕರೆ ಹಾಕಿದಾರಾ?”

“ಇಲ್ವೇ, ಕರುಪ್ಪಟ್ಟಿ ಬೆಲ್ಲ” ಎಂದರು ಅತ್ತೆ.

ಜನ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಮುಳ್ಳು ಚುಚ್ಚಿ ರಕ್ತ ಬರುತ್ತಿದ್ದ ನನ್ನ ಪಾದವನ್ನು ನೋಡಿದರು. ಕೆಳಗೆ ಕೂತು, ಸೆರಗಿನಿಂದ ಅದನ್ನು ಒರೆಸಿದರು, ಮತ್ತೆ ಮತ್ತೆ ಒರೆಸಿದರು. ವಳ್ಳಿನಾಯಗಂ ಅವರ ಹೆಂಡತಿ ಶೆಲ್ಲಮ್ಮಾಳ್ ಮೊದಲು ಬೈದು, ಆಮೇಲೆ ‘ಸತ್ತ ಸುದ್ದಿ ಹಬ್ಬಿದರೆ ಆಯುಸ್ಸು ಹೆಚ್ಚುತ್ತೆ’ ಎಂದು ನೆನಪಾಗಿ ಖುಷಿಯಾಗಿ, ಬಂದವರಿಗೆಲ್ಲ ಕಾಫಿ ಕೊಟ್ಟಿದ್ದರು. ಹೊರಡುವಾಗ ಅತ್ತೆಯ ಕೈಗೆ ಹಿಡಿಕೆಯಿರುವ ಒಂದು ಸ್ಟೀಲ್ ಡಬ್ಬಿ ಕೊಟ್ಟರು. “ಒಣಗಿಸಿದ ಸುಂಡೆಕಾಯಿ. ಶುಗರಿಗೆ ಒಳ್ಳೇದು. ಸೊಸೆಗೂ ಹುರಿದು ಹಾಕು, ತುಂಬಾ ಬಳಲಿದಾಳೆ.”

ಎರಡು ದಿನ ಮುಗಿದಿತ್ತು. ಮೂರನೆಯ ದಿನ ಕರೆಯುವ ಮುಖ ನನಗಿರಲಿಲ್ಲ. ಪೋಸ್ಟರನ್ನು ಅಟ್ಟದ ಮೇಲೆ ಎಸೆದು ಮಲಗಿದ್ದೆ. ಬೆಳಗ್ಗೆ ಐದೂವರೆಗೆ ಬಾಗಿಲ ಸದ್ದಾಯಿತು. ನೋಡಿದರೆ ಅತ್ತೆ ಚಪ್ಪಲಿ ಮೆಟ್ಟಿ ಹೊಸಿಲಲ್ಲಿ ನಿಂತಿದ್ದಾರೆ.

“ಎಲ್ಲಿಗೆ ಅತ್ತೆ?” ನಾನೂ ಕೇಳಿದ್ದು ಅದನ್ನೇ!

“ಶೆಲ್ಲಮ್ಮಾಳ್ ಡಬ್ಬಿ ವಾಪಸು ಕೊಡೋಕೆ.”

ಡಬ್ಬಿಯಲ್ಲಿ ನುಗ್ಗೆಸೊಪ್ಪು ತುಂಬಿತ್ತು. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಕೊಡುತ್ತಾರೆಯೇ? ನಾನು ಹಿಂದೆಯೇ ಹೊರಟೆ. ಟೀ ಅಂಗಡಿಯವನು ಎಲ್ಲಿಗೆ ಎಂದ. ಅತ್ತೆ ಡಬ್ಬಿ ಎತ್ತಿ ತೋರಿಸಿದರು. ಅವನು ತಲೆಯಾಡಿಸಿ ಹಾಲು ಕಾಯಿಸುವುದಕ್ಕೆ ತಿರುಗಿದ. ಇಷ್ಟು ಸುಲಭವಿತ್ತು! ಆದರೆ ಅಲ್ಲಿ ಶೆಲ್ಲಮ್ಮಾಳ್ ಸೊಪ್ಪು ತೆಗೆದುಕೊಂಡು, ಬಂದವರನ್ನು ಬರಿಗೈಯಲ್ಲಿ ಕಳಿಸಲಾಗದೆ ಅದೇ ಡಬ್ಬಿಗೆ ಮಜ್ಜಿಗೆ ಮೆಣಸಿನಕಾಯಿ ತುಂಬಿಸಿ ಕೊಟ್ಟರು. ಅಂದಮೇಲೆ ಡಬ್ಬಿ ಮತ್ತೆ ನಮ್ಮ ಮನೆಯಲ್ಲಿ. ಅಂದಮೇಲೆ ನಾಳೆ ಮತ್ತೆ ಕೊಡಬೇಕು.

ಒಂದು ವಾರದಲ್ಲಿ ಉಳಿದ ಏಳು ಜನರೂ ಮೇಲಪಟ್ಟಿಯಲ್ಲಿ ಒಂದೊಂದು ಮನೆ ಹಿಡಿದರು. ಒಂದು ತಿಂಗಳಲ್ಲಿ ಬೆಳಗ್ಗೆ ಆರಕ್ಕೆ ಆ ರಸ್ತೆಯ ತುಂಬ ಡಬ್ಬಿ ಹಿಡಿದ ಹೆಂಗಸರು. ಮೊದಮೊದಲು ಡಬ್ಬಿಯಲ್ಲಿ ಹಪ್ಪಳ, ಉಪ್ಪಿನಕಾಯಿ ಇರುತ್ತಿದ್ದವು. ಬರಬರುತ್ತ ಒಂದು ನಿಂಬೆಹಣ್ಣು, ಎರಡೆಸಳು ಕರಿಬೇವು. ಒಮ್ಮೆ ಶೆಣ್ಬಗಂ ಅಕ್ಕನ ಡಬ್ಬಿ ತೆರೆದು ನೋಡಿದೆ, ಮೂರು ಕಲ್ಲುಪ್ಪು ಇತ್ತು. ನಡೆಯೋಕೆ ಹೋಗ್ತಿದೀರಾ ಅಕ್ಕಾ ಎಂದರೆ, “ಥೂ, ನನಗೆ ಬೇರೆ ಕೆಲಸ ಇಲ್ವಾ?” ಎಂದು ಸಿಡುಕಿದಳು.

ಮೂರು ತಿಂಗಳಾದ ಮೇಲೆ ಅತ್ತೆಯ ಬೆರಳು ಚುಚ್ಚಿದೆ. ತೊಂಬತ್ತಾರು. ಕಣ್ಣಲ್ಲಿ ನೀರು ತುಂಬಿ ಎರಡು ಸಲ ಓದಿದೆ. ಅತ್ತೆ ಮಿಷನ್ನಿನ ಕಡೆ ಬಗ್ಗಿ ನೋಡಿ, “ಹೋಯ್ತು ಬಿಡು. ಇನ್ನು ಮದುವೆಮನೇಲಿ ಕುರ್ಚಿ ಕೇಳೋ ಹಾಗಿಲ್ಲ” ಎಂದರು.

ಡಾಕ್ಟರಮ್ಮ ಮನೆಗೇ ಬಂದರು. ಯಾವ ಸಂದೇಶ ಈ ಹೆಂಗಸರಿಗೆ ತಟ್ಟಿತು, ಅದನ್ನೇ ಬೇರೆ ಊರುಗಳಲ್ಲೂ ಹಾಕಿಸೋಣ ಎಂದರು. ಏನು ಹೇಳಲಿ? ಕಾಲಿನ ಪೋಸ್ಟರು ಎಂದೆ. ಅಟ್ಟದಿಂದ ಅದನ್ನು ಇಳಿಸಿ, ಧೂಳು ಕೊಡವಿ, ಅತ್ತೆಯ ಕೈಗೆ ಕೊಟ್ಟು ಫೋಟೋ ತೆಗೆಸಿದರು. ಅತ್ತೆ ಪೋಸ್ಟರನ್ನು ತಲೆಕೆಳಗಾಗಿ ಹಿಡಿದಿದ್ದರು, ಯಾರೂ ಗಮನಿಸಲಿಲ್ಲ.

ಅವರು ಹೋದ ಮೇಲೆ ಕೇಳಿದೆ. “ನಿಜ ಹೇಳಿ, ಎರಡೇ ದಿನ ಅಂದಿದ್ರಲ್ಲ, ಮತ್ತೆ ಯಾಕೆ ಹೊರಟ್ರಿ?”

ಅತ್ತೆ ಮೊರ ಎಳೆದುಕೊಂಡು ಬೀಡಿ ಎಲೆ ಕತ್ತರಿಸತೊಡಗಿದರು. ನನ್ನನ್ನು ನೋಡದೆಯೇ ಹೇಳಿದರು.

“ಆವತ್ತಿನ ನಿನ್ನ ಅಳು ಇಸಕ್ಕಿ ಆಚ್ಚಿ ಒಪ್ಪಾರಿಗಿಂತ ಚೆನ್ನಾಗಿತ್ತು ಕಣೇ. ಆವತ್ತು ನಾನು ಎದ್ದು ಬಂದು ಕಾಲು ಒರೆಸ್ದೆ. ನಿಜವಾದ ದಿನ ಬಂದಾಗ ನಿನ್ನ ಕಾಲು ಯಾರು ಒರೆಸ್ತಾರೆ? ಅದಕ್ಕೇ, ಆ ದಿನಾನ ಸ್ವಲ್ಪ ಮುಂದಕ್ಕೆ ಹಾಕೋಣ ಅಂತ.”

ಕೆಳಗೆ ಬಿದ್ದಿದ್ದ ಒಂದು ಎಲೆಯನ್ನು ಎತ್ತಿ ಅವರ ಮೊರಕ್ಕೆ ಹಾಕಿದೆ.

“ಸರಿ ಅಮ್ಮಾ” ಎಂದೆ.

ಕತ್ತರಿ ನಿಂತಿತು. ಮತ್ತೆ ಆಡಿತು.

“ಅಮ್ಮ ಗಿಮ್ಮ ಎಲ್ಲಾ ಆಮೇಲೆ. ಒಳಗೆ ಹೋಗಿ ನಾಳೆ ಡಬ್ಬಿಗೆ ಏನು ತುಂಬಿಸ್ತೀಯ ನೋಡು. ಮನೇಲಿ ಕರಿಬೇವೂ ಮುಗಿದಿದೆ.”